ಅಕ್ಕನ ಆಳನ್ನು ಯಾರು ಹಿಡಿಯಬೇಕು

ಆ ವರ್ಷ ನಾವು ಸೋತದ್ದು ಬುಟ್ಟಿಗೆ ಚೆಂಡು ಹಾಕಲು ಬರದೆ ಅಲ್ಲ. ಹಾಕುತ್ತಿದ್ದೆವು, ಚೆನ್ನಾಗಿಯೇ ಹಾಕುತ್ತಿದ್ದೆವು. ಎಪ್ಪತ್ತು ಅಂಕ ಗಳಿಸಿ ಎಪ್ಪತ್ತಾರು ಬಿಟ್ಟುಕೊಟ್ಟು ಬರುವುದು ನಮಗೆ ಅಭ್ಯಾಸವೇ ಆಗಿಹೋಗಿತ್ತು. ಬೆಂಗಳೂರಿನಲ್ಲಿ ಮತ್ತೊಮ್ಮೆ ಹಾಗೇ ಸೋತು ಹಾಸನಕ್ಕೆ ವಾಪಸಾಗುವಾಗ ಮುಖ್ಯ ಕೋಚ್ ಬಸ್ಸಿನ ಮುಂದಿನ ಸೀಟಿನಿಂದ ಕತ್ತು ತಿರುಗಿಸಿ, "ಹೊಡೆಸೋದು ನನ್ನ ಕೆಲಸ, ಮಾಡ್ತಾ ಇದೀನಿ. ತಡೆಸೋದು ನಿಮ್ಮ ಕೆಲಸ ಅಲ್ವಾ ಮೇಡಮ್?" ಅಂದರು. ಹೌದು, ಡಿಫೆನ್ಸ್ ಕೋಚ್ ನಾನೇ. ಸಿಟ್ಟು ನೆತ್ತಿಗೇರಿತು. ಆದರೆ ಅವರು ಅಂದದ್ದು ಸುಳ್ಳಲ್ಲ.

ಹಿರೀಸಾವೆಯಲ್ಲಿ ಕಾಫಿಗೆ ನಿಲ್ಲಿಸಿದಾಗ ತಂಡದ ಮ್ಯಾನೇಜರ್ ನನ್ನನ್ನು ಹೋಟೆಲಿನ ಪಕ್ಕಕ್ಕೆ ಕರೆದರು.

"ಕಂಪ್ನಿಯೋರು ಫೋನ್ ಮಾಡಿದ್ರು ಮೇಡಮ್. ಕೊನೇ ಸ್ಥಾನಕ್ಕೆ ಬಿದ್ರೆ ಲೀಗಿಂದ ಆಚ್ಗೆ. ಆಚ್ಗೆ ಓದ್ರೆ ಟೀಮ್ ಮುಚ್ಚೋದೇ ಅಂತ ಏಳ್ಬುಟ್ರು."

"ಇನ್ನು ಮೂರು ಮ್ಯಾಚ್ ಇದೆಯಲ್ಲ?"

"ಅದ್ರಾಗೆ ಎರಡಾದ್ರೂ ಗೆಲ್ಬೇಕು. ಹುಡುಗೀರಿಗೆ ನೀವೇ ಏಳಿ. ನಂಗೆ ಬಾಯ್ ಬರಲ್ಲ."

ಕಂಪನಿಯೊಂದು ಸಂಬಳ ಕೊಟ್ಟು ಹೆಣ್ಣುಮಕ್ಕಳನ್ನು ಬ್ಯಾಸ್ಕೆಟ್‌ಬಾಲ್ ಆಡಿಸುವ ತಂಡ ನಮ್ಮ ಜಿಲ್ಲೆಯಲ್ಲಿ ಇದ್ದದ್ದು ಅದೊಂದೇ. ಅದು ಮುಚ್ಚಿದರೆ ಹನ್ನೆರಡು ಜನ ಬ್ಯಾಗು ಹೆಗಲಿಗೇರಿಸಿ ಮನೆಗೆ ನಡೆಯಬೇಕು. ಒಂದು ಸಲ ಹೋದವರನ್ನು ಮನೆಯವರು ಮತ್ತೆ ಆಟಕ್ಕೆ ಕಳಿಸುವುದು ಸುಳ್ಳು. ಬಸ್ಸು ಚನ್ನರಾಯಪಟ್ಟಣ ದಾಟುವಾಗ ಎದ್ದು ನಿಂತು ಹೇಳಿದೆ. ಯಾರೂ ಅಳಲಿಲ್ಲ. ಕಿಟಕಿ ಪಕ್ಕ ಕೂತಿದ್ದ ಕ್ಯಾಪ್ಟನ್ ಮಾತ್ರ, "ಸರಿ ಬುಡಿ, ಗೆದ್ರಾಯ್ತು" ಅಂದರು. ಅವರು ಹಾಗೆ ಅಂದ ತಕ್ಷಣ ಉಳಿದವರ ಹೆಗಲು ಸಡಿಲವಾಯಿತು. ಅವರ ಮಾತಿಗೆ ಅಷ್ಟು ತೂಕ.

ಕ್ಯಾಪ್ಟನ್ ಹೊಳೆನರಸೀಪುರದವರು. ನಮ್ಮ ತಂಡದ ಸೆಂಟರ್, ಅಂದರೆ ಬುಟ್ಟಿಯ ಹತ್ತಿರ ನಿಂತು ಆಡುವ ಎತ್ತರದ ಆಟಗಾರ್ತಿ. ವಯಸ್ಸಿನಲ್ಲೂ ಎಲ್ಲರಿಗಿಂತ ದೊಡ್ಡವರು. ಅವರನ್ನು ಹೆಸರು ಹಿಡಿದು ಕರೆಯುವವರು ತಂಡದಲ್ಲಿ ಯಾರೂ ಇರಲಿಲ್ಲ. ಎಲ್ಲರಿಗೂ ಅವರು ಅಕ್ಕ. ಅರ್ಧ ಜನಕ್ಕೆ ಚೆಂಡು ಹಿಡಿಯುವುದನ್ನು ಕಲಿಸಿದವರೇ ಅವರು. ನಾನು ಸ್ಪೋರ್ಟ್ಸ್ ಹಾಸ್ಟೆಲಿಗೆ ಬಂದ ಮೊದಲ ವಾರ ಮನೆ ನೆನಪಾಗಿ ಅಳುತ್ತಿದ್ದಾಗ ತಟ್ಟೆಗೆ ಮುದ್ದೆ ಹಾಕಿಕೊಟ್ಟು, "ತಿನ್ನು, ತಿಂದ್ಮೇಲೆ ಅಳೀವಂತೆ" ಅಂದವರೂ ಅವರೇ. ಈಗ ನಾನು ಕೋಚ್, ಅವರು ಆಟಗಾರ್ತಿ. ಕಾಗದದ ಮೇಲೆ ಮಾತ್ರ.

ಡಿಫೆನ್ಸ್ ಅಂದರೆ ಏನು ಅಂತ ಕೇಳಿದವರಿಗೆ ನಾನು ಬೇಲಿಯ ಲೆಕ್ಕ ಹೇಳುತ್ತೇನೆ. ಬೇಲಿ ಎಷ್ಟೇ ಉದ್ದ, ಎಷ್ಟೇ ಗಟ್ಟಿ ಇರಲಿ, ಮೇಕೆಗೆ ಬೇಕಾದದ್ದು ಒಂದು ಕಂಡಿ. ಐದು ಜನ ಎದುರಾಳಿಗಳನ್ನು ನಮ್ಮ ಐದು ಜನ ಒಬ್ಬೊಬ್ಬರಾಗಿ ಹಂಚಿಕೊಂಡು ಹಿಡಿಯುತ್ತಾರೆ. ನಮ್ಮ ಹುಡುಗಿಯರು ಇದನ್ನು 'ನನ್ ಆಳು, ನಿನ್ ಆಳು' ಅನ್ನುತ್ತಿದ್ದರು. ಯಾರನ್ನಾದರೂ ಅವರ ಆಳು ದಾಟಿ ಒಳಗೆ ನುಗ್ಗಿದರೆ, ಪಕ್ಕದವಳು ತನ್ನ ಆಳನ್ನು ಬಿಟ್ಟು ಬಂದು ಅಡ್ಡ ನಿಲ್ಲಬೇಕು. ಬಿಟ್ಟುಬಂದ ಆಳನ್ನು ಹಿಡಿಯಲು ಮೂರನೆಯವಳು, ಇಲ್ಲವೇ ಮೊದಲು ಸೋತವಳೇ, ಅತ್ತ ಓಡಬೇಕು. ಇದಕ್ಕೆ ಹೆಲ್ಪ್ ಅನ್ನುತ್ತಾರೆ. ಆಟ ನೋಡುವವರ ಕಣ್ಣು ಚೆಂಡಿನ ಮೇಲಿರುತ್ತದೆ, ಹೆಲ್ಪಿನ ಮೇಲೆ ಇರುವುದಿಲ್ಲ. ಆದರೆ ಪಂದ್ಯ ಗೆಲ್ಲುವುದು, ಸೋಲುವುದು ಹೆಚ್ಚಾಗಿ ಅಲ್ಲೇ.

ಮರುದಿನದಿಂದಲೇ ಹೆಲ್ಪಿನ ಅಭ್ಯಾಸ ಹಿಡಿದೆ. ನಾಲ್ಕು ಮೂಲೆಗೆ ನಾಲ್ಕು ಜನ, ಚೆಂಡು ಮೂಲೆಯಿಂದ ಮೂಲೆಗೆ ಹೋದಂತೆ ಕಾಲು ಸರಿಯಬೇಕು, ಯಾರಾದರೂ ನುಗ್ಗಿದರೆ ಪಕ್ಕದವಳು ಹಾರಿ ಬರಬೇಕು. ನನಗೆ ಕೂತಲ್ಲಿ ಕೂರಲಾಗದ ಜಾಯಮಾನ. ಅಂಗಳದ ಗೆರೆಯುದ್ದಕ್ಕೂ ಓಡಾಡಿ, ಅರಚಿ, ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿತು. ಚನ್ನರಾಯಪಟ್ಟಣಕ್ಕೆ ಕರೆದುಕೊಂಡು ಹೋಗಿ ಅಲ್ಲಿನ ಕಾಲೇಜು ಹುಡುಗರ ಜೊತೆ ಅಭ್ಯಾಸ ಪಂದ್ಯ ಆಡಿಸಿದೆ. ಅಯ್ಯೋ, ಎಂಥ ಆಟ! ನುಗ್ಗಿದ ಹುಡುಗರೆಲ್ಲ ಗೋಡೆಗೆ ಬಡಿದಂತೆ ವಾಪಸ್. ಸೋತ ಹುಡುಗನೊಬ್ಬ ನೀರು ಕುಡಿಯುತ್ತಾ, "ಇವ್ರೇನ್ ಸಾ, ಐದ್ ಜನಾನೋ ಎಂಟ್ ಜನಾನೋ?" ಅಂತ ಅವರ ಮೇಷ್ಟ್ರನ್ನು ಕೇಳಿದ. ಅಕ್ಕ ಅವತ್ತು ಬೆನ್ನು ಹಿಡಿದುಕೊಂಡಿದೆ ಅಂತ ಆಡದೆ ಬೆಂಚಿನಲ್ಲಿ ಕೂತಿದ್ದರು. ಆ ಸಂಗತಿಗೆ ನಾನು ಬೆಲೆಯನ್ನೇ ಕೊಡಲಿಲ್ಲ, ನನ್ನ ಕರ್ಮ.

ಶಿವಮೊಗ್ಗದ ಪಂದ್ಯದಲ್ಲಿ ಮೊದಲ ಅರ್ಧ ಮುಗಿಯುವಷ್ಟರಲ್ಲಿ ಆ ಗೋಡೆ ಬಿದ್ದುಹೋಯಿತು. ಎದುರಾಳಿಗಳು ಬೇರೇನೂ ಮಾಡುತ್ತಿರಲಿಲ್ಲ. ಅಕ್ಕನ ಆಳಿಗೆ ಬುಟ್ಟಿಯಿಂದ ದೂರದಲ್ಲಿ ಚೆಂಡು ಕೊಡುವುದು, ಅವಳು ಅಲ್ಲಿಂದ ಅಕ್ಕನನ್ನು ದಾಟಿ ನುಗ್ಗುವುದು, ಹಾಕುವುದು. ಅಕ್ಕನ ಮೊಣಕಾಲು ಪಕ್ಕಕ್ಕೆ ಮೊದಲಿನಷ್ಟು ಬೇಗ ಹೋಗುತ್ತಿರಲಿಲ್ಲ. ವಯಸ್ಸಲ್ಲವೇ, ಅದರಲ್ಲಿ ತಪ್ಪಿಲ್ಲ. ಆದರೆ ಅಡ್ಡ ಬರಬೇಕಾದವರು ಎಲ್ಲಿ? "ಹೆಲ್ಪ್! ಹೆಲ್ಪ್!" ಅಂತ ನಾನು ಗೆರೆಯಾಚೆ ನಿಂತು ಬಡಕೊಂಡೆ. ಒಬ್ಬಳೂ ಜಗ್ಗಲಿಲ್ಲ.

ಅರ್ಧ ವೇಳೆಯಲ್ಲಿ ಮುಖ್ಯ ಕೋಚ್ ಡಿಫೆನ್ಸನ್ನು ಝೋನಿಗೆ ಬದಲಿಸಿದರು. ಝೋನ್ ಅಂದರೆ ಆಳು ಹಿಡಿಯುವ ಬದಲು ಜಾಗ ಹಿಡಿಯುವುದು. ನನ್ನ ಜಾಗಕ್ಕೆ ಯಾರು ಬಂದರೂ ನನ್ನ ಹೊಣೆ. ಅದಂತೂ ನಮ್ಮವರಿಗೆ ಬದು ಹಾಕಿ ಹೊಲ ಪಾಲು ಮಾಡಿಕೊಟ್ಟಂತಾಯಿತು. ಪಾಲಿನ ಗಡಿಯಲ್ಲಿ ಅಚ್ಚುಕಟ್ಟಾಗಿ ನಿಂತರು, ಅಕ್ಕನ ಹೊಲಕ್ಕೆ ಕಾಲಿಡಲಿಲ್ಲ. ಹನ್ನೊಂದು ಅಂಕದಲ್ಲಿ ಸೋತೆವು. ಇನ್ನು ಉಳಿದ ಎರಡನ್ನೂ ಗೆಲ್ಲಲೇಬೇಕಿತ್ತು.

ವಾಪಸ್ ಬಂದು ಹಾಸ್ಟೆಲಿನ ಟಿವಿಯಲ್ಲಿ ಆ ಪಂದ್ಯ ಹಾಕಿಕೊಂಡು ಒಬ್ಬಳೇ ಕೂತೆ. ಕೂತೆ ಅನ್ನುವುದು ಸುಳ್ಳು, ರಿಮೋಟ್ ಹಿಡಿದು ಕೋಣೆಯಲ್ಲಿ ಸುತ್ತಿದೆ. ಎರಡನೇ ಸಲ ನೋಡುವಾಗ ಚೆಂಡನ್ನು ಬಿಟ್ಟು ಅರಕಲಗೂಡಿನ ಹುಡುಗಿಯ ಕಾಲುಗಳನ್ನು ಮಾತ್ರ ನೋಡಿದೆ. ಅವಳು ನಮ್ಮ ಗಾರ್ಡ್, ಅಂದರೆ ಚೆಂಡು ನಡೆಸುವವಳು, ತಂಡದಲ್ಲೇ ಚಿಕ್ಕವಳು, ಮಿಂಚಿನಂಥ ಕಾಲು, ಬಾಯಲ್ಲಿ ಮಾತಿಲ್ಲ. ಬೇರೆ ಯಾರನ್ನು ದಾಟಿ ಆಳು ನುಗ್ಗಿದರೂ ಇವಳು ಬಂದೇ ಬರುತ್ತಿದ್ದಳು. ಅಕ್ಕನನ್ನು ದಾಟಿ ನುಗ್ಗಿದಾಗ ಮಾತ್ರ ಒಂದು ಹೆಜ್ಜೆ ಎತ್ತಿ, ಅಕ್ಕನ ಮುಖ ನೋಡಿ, ಎತ್ತಿದ ಹೆಜ್ಜೆಯನ್ನು ಹಿಂದಕ್ಕೇ ಇಡುತ್ತಿದ್ದಳು. ಒಂದು ಸಲ ಅಲ್ಲ, ಪ್ರತಿ ಸಲ. ಉಳಿದವರನ್ನು ನೋಡಿದೆ. ಅವರದೂ ಅದೇ ಹೆಜ್ಜೆ, ಅದೇ ವಾಪಸ್.

ಮರುದಿನ ರಜೆ ಕೊಟ್ಟಿದ್ದೆವು. ರಜೆ ಮುಗಿಯುವವರೆಗೆ ಕಾಯುವಷ್ಟು ತಾಳ್ಮೆ ನನಗೆಲ್ಲಿಯದು? ಬೆಳಗ್ಗೆ ಅರಕಲಗೂಡಿನ ಬಸ್ಸು ಹತ್ತಿದೆ. ಹುಡುಗಿ ಮನೆ ಮುಂದಿನ ಒಗೆಯುವ ಕಲ್ಲಿನ ಮೇಲೆ ಶೂ ಇಟ್ಟು ಬ್ರಷ್ ಹಾಕಿ ತಿಕ್ಕುತ್ತಿದ್ದಳು. ಅವರಮ್ಮ ಒಳಗಿನಿಂದ ಕಾಫಿ ತಂದುಕೊಟ್ಟು, "ಇವ್ಳೇನಾರ ತಪ್ಪು ಮಾಡಿದ್ಲಾ ಮೇಡಮ್?" ಅಂತ ಗಾಬರಿಯಾದರು. ಏನಿಲ್ಲ ಅಂತ ಅವರನ್ನು ಒಳಗೆ ಕಳಿಸಿ ಹುಡುಗಿಯ ಪಕ್ಕ ಕೂತೆ.

"ಅಕ್ಕನ್ನ ದಾಟ್ಕೊಂಡು ಬಂದಾಗ ನೀನ್ಯಾಕೆ ಅಡ್ಡ ಬರಲ್ಲ?"

ಅವಳು ಬ್ರಷ್ ನಿಲ್ಲಿಸಲಿಲ್ಲ. ಆ ಶೂ ಎಷ್ಟೋ ಹೊತ್ತಿನ ಹಿಂದೆಯೇ ಬೆಳ್ಳಗಾಗಿತ್ತು.

"ಹೇಳೇ. ಬೈಯಲ್ಲ."

"ಅಕ್ಕ ಕರೀಲಿಲ್ಲ ಮೇಡಮ್."

"ಆಟದಲ್ಲಿ ಯಾರಾದ್ರೂ ಕರೀತಾರೇನೇ? ಬಂದುಬಿಡಬೇಕು."

"ಬೇರೇರ್ಗಾದ್ರೆ ಬಂದ್ಬುಡ್ತೀನಿ. ಅಕ್ಕನ್ ಆಳ್ನ ನಾನ್ ಇಡ್ಕಂಡ್ರೆ, ಅಕ್ಕನ್ ಕೈಲಿ ಆಗಲ್ಲ ಅಂತ ಊರ್ಗೆಲ್ಲ ಡಂಗೂರ ಸಾರ್ದಂಗೆ ಆಗಲ್ವಾ? ದೊಡ್ಡೋರು ಮಾಡ್ತಿರೋ ಕೆಲ್ಸಕ್ಕೆ ಕರೀದೆ ಕೈ ಆಕ್ಬಾರ್ದು ಅಂತ ನಮ್ಮನೇಲಿ..." ಅಷ್ಟಕ್ಕೆ ನಿಲ್ಲಿಸಿದಳು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಮ್ಮ ಕಡೆ ಮಕ್ಕಳಿಗೆ ಹೀಗೇ ಕಲಿಸುವುದು. ಅತ್ತೆ ಒಲೆ ಮುಂದೆ ಇದ್ದಾಗ ಸೊಸೆ ತಾನಾಗಿ ಸೌಟು ತೆಗೆದುಕೊಳ್ಳುವುದಿಲ್ಲ. ದೊಡ್ಡಪ್ಪ ಲೆಕ್ಕ ತಪ್ಪು ಹೇಳಿದರೂ ಅವರೇ ಕೇಳುವವರೆಗೆ ತಿದ್ದುವುದಿಲ್ಲ. ಕೈ ಹಾಕಿದರೆ ಅವರಿಗೆ ಆಗಲ್ಲ ಅಂದಂತೆ. ಆ ಮರ್ಯಾದೆಯನ್ನು ಇವರು ಅಂಗಳಕ್ಕೂ ಹೊತ್ತುತಂದಿದ್ದರು. ಎದುರಾಳಿಗಳಿಗೆ ನಮ್ಮ ಮರ್ಯಾದೆ ಗಿರ್ಯಾದೆ ಏನು ಗೊತ್ತು? ಅವರಿಗೆ ಗೊತ್ತಿದ್ದದ್ದು ಕಂಡಿ ಎಲ್ಲಿದೆ ಅನ್ನುವುದು.

"ಅಲ್ವೇ ಪುಣ್ಯಾತ್ಗಿತ್ತಿ, ಟೀಮೇ ಮುಚ್ಚಿಹೋದ್ರೆ ಅಕ್ಕನ ಮರ್ಯಾದೆ ತಗೊಂಡು ಏನ್ ಮಾಡ್ತೀಯ?" ಅಂದೆ, ಸ್ವಲ್ಪ ಜೋರಾಗಿಯೇ.

ಅವಳು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದಳು. "ನೀವೂ ಅಂಗೇ ಮಾಡ್ತೀರಲ್ಲ ಮೇಡಮ್. ವಿಡಿಯೋ ತೋರ್ಸುವಾಗ ನಮ್ ತಪ್ಪು ಬಂದ್ರೆ ನಿಲ್ಸಿ ನಿಲ್ಸಿ ಬೈತೀರ. ಅಕ್ಕನ್ ತಪ್ಪು ಬಂದ್ರೆ ಮುಂದಕ್ಕೆ ಓಡುಸ್ಬುಡ್ತೀರ."

ಅವಳು ಹೇಳಿದ್ದು ನಿಜ. ಬೆರಳು ತಾನಾಗಿಯೇ ಹೋಗಿ ಆ ಗುಂಡಿ ಒತ್ತುತ್ತಿತ್ತು, ಒತ್ತಿದ್ದು ನನಗೇ ತಿಳಿಯುತ್ತಿರಲಿಲ್ಲ. ಅಕ್ಕನ ತಪ್ಪು ನನ್ನ ಬಾಯಲ್ಲಿ ಬರಬಾರದು ಅನ್ನುವುದು ನನ್ನ ಮೈಯಲ್ಲೇ ಇತ್ತು. ಕೋಚೇ ಹೆಜ್ಜೆ ವಾಪಸ್ ಇಟ್ಟರೆ ಹುಡುಗಿಯರನ್ನು ಏನಂತ ಬೈಯುವುದು?

ಬಸ್ಸಿನಲ್ಲಿ ಹಾಸನಕ್ಕೆ ಬರುವಾಗ ಮೂರು ದಾರಿ ಯೋಚಿಸಿದೆ. ಅಕ್ಕನನ್ನು ಕೂರಿಸುವುದು: ಆಗ ನಮಗೆ ರೀಬೌಂಡ್, ಅಂದರೆ ಬುಟ್ಟಿಗೆ ಬಡಿದು ಚಿಮ್ಮಿದ ಚೆಂಡು, ಹಿಡಿಯುವವರಿಲ್ಲ, ಅಕ್ಕ ಇಲ್ಲದ ಅಂಗಳದಲ್ಲಿ ಇವರಿಗೆ ಧೈರ್ಯವೂ ಇಲ್ಲ. ಅಕ್ಕನಿಗೆ ಗುಟ್ಟಾಗಿ ಹೇಳುವುದು: ಹುಡುಗಿಯರ ಕಾಲು ಆಗಲೂ ಏಳುವುದಿಲ್ಲ. ಉಳಿದದ್ದು ಎಲ್ಲರ ಎದುರಿಗೆ ಹೇಳುವುದು. ಹಾಸನದಲ್ಲಿ ಇಳಿಯುವ ಹೊತ್ತಿಗೆ ಅದೇ ಅಂತ ನಿಶ್ಚಯ ಮಾಡಿದ್ದೆ.

ಸೋಮವಾರ ಬೆಳಗ್ಗೆ ಎಲ್ಲರನ್ನೂ ಟಿವಿ ಮುಂದೆ ಕೂರಿಸಿದೆ. ಅಕ್ಕ ಯಾವಾಗಿನಂತೆ ಹಿಂದಿನ ಕುರ್ಚಿಯಲ್ಲಿ. ಅಕ್ಕನನ್ನು ದಾಟಿ ಆಳು ನುಗ್ಗುವ ಕಡೆಯೆಲ್ಲ ನಿಲ್ಲಿಸಿದೆ. ಹೇಳಿದೆ. "ಇಲ್ಲಿ ಅಕ್ಕ ಸೋತ್ರು. ಇಲ್ಲಿ ನೀನು ಬರಬೇಕಿತ್ತು. ಇಲ್ಲೂ ಅಕ್ಕ ಸೋತ್ರು. ನೀನು ಬರಲಿಲ್ಲ." ಹುಡುಗಿಯರು ಟಿವಿ ನೋಡಲೇ ಇಲ್ಲ, ತಮ್ಮ ತಮ್ಮ ಕಾಲ್ಬೆರಳು ನೋಡುತ್ತಿದ್ದರು. ನಾಲ್ಕನೆಯದನ್ನೋ ಐದನೆಯದನ್ನೋ ನಿಲ್ಲಿಸಿದಾಗ ಕುರ್ಚಿ ಸರಿದ ಸದ್ದಾಯಿತು.

"ಸಾಕು ಮಾಡಿ ಮೇಡಮ್," ಅಂದರು ಅಕ್ಕ. ಹಿಂದೆಲ್ಲ ನನ್ನನ್ನು ರೇಗಿಸಲು ಮೇಡಮ್ ಅನ್ನುತ್ತಿದ್ದರು. ಅವತ್ತು ರೇಗಿಸಲಿಲ್ಲ. "ನಂಗೆ ವಯಸ್ಸಾಯ್ತು ಅಂತ ಏಳಕ್ಕೆ ಇಷ್ಟ್ ದೊಡ್ಡ ಟಿವಿ ಬೇಕಿತ್ತಾ?"

ಬ್ಯಾಗು ತೆಗೆದುಕೊಂಡು ಹೊರಟೇಹೋದರು. ಅವತ್ತು ಅಭ್ಯಾಸ ನಡೆಯಿತು, ಯಾರ ಮೈಯಲ್ಲೂ ಜೀವ ಇರಲಿಲ್ಲ. ಊಟಕ್ಕೆ ಕೂತಾಗ ನನ್ನ ಎದುರಿನ ಬೆಂಚು ಖಾಲಿ. ಫಾರ್ವರ್ಡ್ ಆಡುವ ದಂಡಿಗನಹಳ್ಳಿ ಹುಡುಗಿ ಬಾಯಿ ಜೋರಿನವಳು, ತಟ್ಟೆ ಹಿಡಿದು ನನ್ನ ಪಕ್ಕ ನಿಂತು, "ಅಕ್ಕನ್ನ ಅಂಗೆ ಎಲ್ರ ಮುಂದೆ ಅನ್ಬಾರ್ದಿತ್ತು ಕಣ್ರೀ ಮೇಡಮ್. ಎಷ್ಟಾದ್ರೂ ನಿಮ್ಗೂ ಅಕ್ಕ ಅಲ್ವಾ?" ಅಂದು ಹೋದಳು. ಮರುದಿನವೂ ಅಕ್ಕ ಬರಲಿಲ್ಲ. ಫೋನ್ ಎತ್ತಲಿಲ್ಲ. ಮುಖ್ಯ ಕೋಚ್ ನನ್ನ ಮುಖ ನೋಡಿ, "ಇದ್ದ ಒಂದು ಕಂಬಾನೂ ಕಿತ್ತುಹಾಕಿದ್ರಿ" ಅಂದರು. ನನಗೂ ಹಾಗೇ ಅನ್ನಿಸತೊಡಗಿತ್ತು. ಪಂದ್ಯಕ್ಕೆ ಇನ್ನು ಒಂದೇ ದಿನ.

ಹೊಳೆನರಸೀಪುರಕ್ಕೆ ಹೋದೆ. ಅಕ್ಕನ ಮನೆ ಬಾಗಿಲು ತೆರೆದೇ ಇತ್ತು. ಅವರು ನಡುಮನೆಯಲ್ಲಿ ಕಾಲು ಚಾಚಿ ಕೂತು ಮೊಣಕಾಲಿಗೆ ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದರು. ನಾನು ಒಳಗೆ ಬಂದು ಪಾತ್ರೆಯಿಂದ ಬಟ್ಟೆ ತೆಗೆದು ಹಿಂಡಿ ಅವರ ಮೊಣಕಾಲ ಮೇಲೆ ಹಾಕಿದೆ.

"ನಂಗೆ ಗೊತ್ತಿರ್ಲಿಲ್ಲ ಅಂದ್ಕಂಡಿದ್ದಾ?" ಅಂದರು. "ಓದ್ ವರ್ಷದಿಂದ ಗೊತ್ತು ಕಣೇ. ಆಳು ನನ್ನ ದಾಟ್ದಾಗೆಲ್ಲ ಪಕ್ಕಕ್ಕೆ ನೋಡ್ತಿದ್ದೆ, ಯಾರಾರ ಬತ್ತಾರಾ ಅಂತ. ಒಬ್ರೂ ಬರ್ತಿರ್ಲಿಲ್ಲ. ನಾನೇ ಕಲ್ಸಿದ್ ಹುಡ್ಗೀರು! ಬೇಕೂಂತ್ಲೇ ನಿಂತ್ಕತಾರೆ, ಇವ್ಳು ಸೋತು ಸೋತು ತಾನಾಗೇ ಓಗ್ಲಿ ಅಂತ ನೋಡ್ತಾವ್ರೆ ಅಂದ್ಕಂಡೆ."

ನನ್ನ ಕೈ ನಿಂತುಬಿಟ್ಟಿತು. "ಅಯ್ಯೋ ಅಕ್ಕ! ನಿಮ್ಮ ಮರ್ಯಾದೆ ಹೋಗುತ್ತೆ ಅಂತ ಬರ್ತಿರಲಿಲ್ಲ ಅವರು. ನೀವು ಕರೀಲಿ ಅಂತ ಕಾಯ್ತಿದ್ದರು."

ಅಕ್ಕ ನನ್ನನ್ನೇ ನೋಡಿದರು. ಅವರ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. "ಥೂ, ದಡ್ ಮುಂಡೇವು. ಅದ್ಕೆ ಟೀಮ್ ಮುಳುಗಿಸ್ತಾವಾ?"

"ಹಾಗಾದ್ರೆ ಕರೀರಿ. ನೀವು ಕರೆದ್ರೆ ಸಾಕು."

"ಕರ್ಯಾದು," ಅಂತ ಮೊಣಕಾಲ ಮೇಲಿನ ಬಟ್ಟೆ ಸರಿಮಾಡಿಕೊಂಡರು. "ಅಷ್ಟ್ ಜನದ್ ಮುಂದೆ, ನನ್ ಕೈಲಾಗಲ್ಲ ಬನ್ನಿ ಅಂತ. ಬಾಯ್ ಬರಲ್ಲ ಕಣೇ. ಅವ್ರೇ ಬರ್ಲಿ."

"ಅವರು ನೀವು ಕರೀಲಿ ಅಂತಾರೆ. ನೀವು ಅವರೇ ಬರಲಿ ಅಂತೀರ. ನಡುವೆ ನಾನು ಸಾಯಬೇಕಾ?"

ಅಕ್ಕ ನಕ್ಕುಬಿಟ್ಟರು. ಬ್ಯಾಗು ತೆಗೆದುಕೊಂಡು ನನ್ನ ಜೊತೆಗೇ ಹಾಸನದ ಬಸ್ಸು ಹತ್ತಿದರು. ಅವತ್ತು ಸಂಜೆಯೇ ಅಂಗಳಕ್ಕೆ ಇಳಿದು ಹುಡುಗಿಯರನ್ನು ಸುತ್ತ ನಿಲ್ಲಿಸಿಕೊಂಡು, "ನನ್ ಆಳು ದಾಟುದ್ರೆ ಬನ್ರೇ, ನಾನೇನೂ ಅನ್ಕಳಲ್ಲ" ಅಂದರು. ಎಲ್ಲರೂ ಹೂಂ ಅಂದರು. ಹೂಂ ಅನ್ನುವುದಕ್ಕೂ ಕಾಲು ಎತ್ತುವುದಕ್ಕೂ ಎಷ್ಟು ದೂರ ಅನ್ನುವುದು ಮರುದಿನ ಗೊತ್ತಾಯಿತು.

ಮಂಗಳೂರಿನ ತಂಡದ ಮೇಲೆ ನಾವು ಗೆದ್ದೆವು. ಗೆದ್ದದ್ದು ನಿಜ, ಆದರೆ ನಾನು ಕುಣಿಯಲಿಲ್ಲ. ಹುಡುಗಿಯರು ಅಡ್ಡ ಬರುತ್ತಿದ್ದರು, ಅರೆಮನಸ್ಸಿನಿಂದ, ಒಂದು ಕ್ಷಣ ತಡವಾಗಿ. ಮಂಗಳೂರಿನವರ ಕೈ ಅವತ್ತು ಕೆಟ್ಟಿತ್ತು, ಸುಲಭದ ಶಾಟುಗಳೇ ಹೊರಗೆ ಬಿದ್ದವು. ಅವರ ಚೆಂಡು ಒಳಗೆ ಬಿದ್ದಿದ್ದರೆ ನಮ್ಮ ಕಥೆ ಅವತ್ತೇ ಮುಗಿಯುತ್ತಿತ್ತು. ಪಂದ್ಯದುದ್ದಕ್ಕೂ ಅಕ್ಕ ಒಂದು ಸಲವೂ ಕರೆಯಲಿಲ್ಲ. ಬಾಯಿ ತೆರೆಯುವುದು ಕಾಣುತ್ತಿತ್ತು, ದನಿ ಬರುತ್ತಿರಲಿಲ್ಲ. ಮ್ಯಾನೇಜರ್ ಲಾಡು ಹಂಚಿದರು. ನಾನು ಲಾಡು ಕೈಯಲ್ಲಿ ಹಿಡಿದುಕೊಂಡೇ ಅಂಗಳ ಸುತ್ತಿದೆ.

ಕೊನೆಯ ಪಂದ್ಯ ಹಾಸನದಲ್ಲಿ, ಅದೇ ಬೆಂಗಳೂರಿನ ತಂಡದ ಮೇಲೆ. ಒಳಾಂಗಣದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಹೊಳೆನರಸೀಪುರದಿಂದ ಟೆಂಪೋ ಮಾಡಿಕೊಂಡು ಅಕ್ಕನ ಕಡೆಯವರೇ ಒಂದು ಸಾಲು ತುಂಬ ಬಂದು ಕೂತಿದ್ದರು, ಅಕ್ಕನ ಅತ್ತೆ ಮೊದಲ ಸಾಲಿನಲ್ಲಿ. ಇಷ್ಟು ಜನರ ಮುಂದೆ ಅಕ್ಕ ಕರೆದ ಹಾಗೇ!

ಬೆಂಗಳೂರಿನವರು ಮೊದಲ ನಿಮಿಷದಿಂದಲೇ ಹಳೇ ದಾರಿ ಹಿಡಿದರು. ಅಕ್ಕನ ಆಳಿಗೆ ಚೆಂಡು, ನುಗ್ಗು, ಹಾಕು. ಹುಡುಗಿಯರು ಒಂದು ಸಲ ಬಂದರೆ ಒಂದು ಸಲ ಬರಲಿಲ್ಲ. ಅಡ್ಡ ಬಂದಾಗ ತಡೆದೆವು, ಬರದಿದ್ದಾಗ ಹೊಡೆಸಿಕೊಂಡೆವು. ಆ ಕಡೆಯಲ್ಲಿ ನಮ್ಮವರೂ ಬಿಡಲಿಲ್ಲ, ಅಂಕ ಅಂಕಕ್ಕೂ ಜಗ್ಗಾಟ. ಮೂರನೇ ಭಾಗದಲ್ಲಿ ಅಕ್ಕನಿಗೆ ನಾಲ್ಕನೇ ಫೌಲ್ ಆಯಿತು. ಇನ್ನೊಂದಾದರೆ ಹೊರಗೆ. ಮುಖ್ಯ ಕೋಚ್ ನನ್ನ ಕಡೆ ತಿರುಗಿ, "ಕೂರಿಸಲಾ?" ಅಂದರು.

"ಬೇಡ. ಇರಲಿ," ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ. ಸೋತಿದ್ದರೆ ತಂಡ ಮುಚ್ಚಿದ ಪಾಪ ನನ್ನ ತಲೆಗೇ ಬರುತ್ತಿತ್ತು.

ಕೊನೆಗೆ ನಮಗೆ ಒಂದೇ ಅಂಕದ ಮೇಲುಗೈ, ಚೆಂಡು ಅವರ ಕೈಯಲ್ಲಿ, ಗಡಿಯಾರದಲ್ಲಿ ಒಂದು ಶಾಟಿನಷ್ಟೇ ಸಮಯ. ಅವರು ಏನು ಮಾಡುತ್ತಾರೆ ಅಂತ ಒಳಾಂಗಣದ ಕಸ ಗುಡಿಸುವವರಿಗೂ ಗೊತ್ತಿತ್ತು. ಚೆಂಡು ಅಕ್ಕನ ಆಳಿಗೇ ಬಂತು. ಅವಳು ಬಲಕ್ಕೆ ಹೋದಂತೆ ಮಾಡಿ ಎಡಕ್ಕೆ ತಿರುಗಿದಳು. ಅಕ್ಕನ ಮೊಣಕಾಲು ತಿರುಗಲಿಲ್ಲ. ಆಳು ದಾಟಿದಳು. ನಾನು ಅರಕಲಗೂಡಿನ ಹುಡುಗಿಯ ಕಾಲನ್ನೇ ನೋಡುತ್ತಿದ್ದೆ. ಹೆಜ್ಜೆ ಎತ್ತಿದಳು. ಅಕ್ಕನ ಮುಖ ನೋಡಿದಳು. ನಿಂತಳು.

"ಬಾರೇ!"

ಅಂಥ ದನಿ ನಾನು ಅಕ್ಕನ ಬಾಯಲ್ಲಿ ಕೇಳಿರಲಿಲ್ಲ. "ನನ್ ಕೈಲಾಗ್ತಿಲ್ಲ, ಬಾರೇ!"

ಇಡೀ ಒಳಾಂಗಣಕ್ಕೆ ಕೇಳಿಸಿತು. ಮೊದಲ ಸಾಲಿಗೂ ಕೇಳಿಸಿತು. ಆ ಹುಡುಗಿ ಬಂದ ರಭಸ ಹೇಗಿತ್ತು ಅಂದರೆ, ನುಗ್ಗುತ್ತಿದ್ದವಳು ಬುಟ್ಟಿಯ ಮುಂದೆ ಇವಳನ್ನು ಕಂಡು ಬೆಚ್ಚಿ, ಹಾಕುವುದು ಬಿಟ್ಟು ಚೆಂಡನ್ನು ಮೂಲೆಗೆ ಎಸೆದಳು. ಮೂಲೆಯಲ್ಲಿ ಅರಕಲಗೂಡಿನವಳು ಬಿಟ್ಟುಬಂದ ಆಳು ಒಬ್ಬಳೇ ನಿಂತಿದ್ದಳು, ಸುತ್ತ ಯಾರೂ ಇಲ್ಲ. ಮುಗೀತು ಅಂದುಕೊಂಡೆ. ಅಷ್ಟರಲ್ಲಿ ಅಕ್ಕ ಓಡುತ್ತಿದ್ದದ್ದು ಕಂಡಿತು. ತನ್ನ ಆಳು ದಾಟಿಹೋದ ಮೇಲೆ ಒಂದು ಕ್ಷಣವೂ ನಿಲ್ಲದೆ, ಆ ಮೊಣಕಾಲನ್ನು ಎಳೆದುಕೊಂಡು ಮೂಲೆಗೆ ಓಡುತ್ತಿದ್ದರು. ಮೂಲೆಯವಳು ಚೆಂಡು ಎಸೆಯುವ ಹೊತ್ತಿಗೆ ಅಕ್ಕನ ಕೈ ಅವಳ ಕಣ್ಣಿಗೆ ಅಡ್ಡ ಇತ್ತು. ಚೆಂಡು ರಿಂಗಿನ ಅಂಚಿಗೆ ಬಡಿದು ಹೊರಗೆ ಹಾರಿತು. ದಂಡಿಗನಹಳ್ಳಿಯವಳು ಅದನ್ನು ಹೊಟ್ಟೆಗೆ ಅವುಚಿಕೊಂಡು ಕೆಳಗೆ ಬಿದ್ದಳು. ಗಂಟೆ ಹೊಡೆಯಿತು.

ಆಮೇಲೆ ಏನಾಯಿತು ಅಂತ ನನಗೆ ಸರಿಯಾಗಿ ನೆನಪಿಲ್ಲ. ನಾನು ಗೋಳೋ ಅಂತ ಅಳುತ್ತಿದ್ದೆನಂತೆ. ಮ್ಯಾನೇಜರ್ ಫೋನ್ ಕಿವಿಗಿಟ್ಟುಕೊಂಡು, "ಉಳ್ಕಂಡ್ವಿ ಸಾ, ಉಳ್ಕಂಡ್ವಿ!" ಅಂತ ಕಂಪನಿಯವರಿಗೆ ಕೂಗುತ್ತಿದ್ದದ್ದು ಮಾತ್ರ ಕೇಳಿಸಿತು.

ಬಟ್ಟೆ ಬದಲಿಸುವ ಕೋಣೆಗೆ ಹೋದಾಗ ಗಲಾಟೆಯೋ ಗಲಾಟೆ. ಅಕ್ಕ ಮಾತ್ರ ಮೂಲೆಯ ಬೆಂಚಿನಲ್ಲಿ ಮುಖದ ಮೇಲೆ ಟವೆಲ್ ಹಾಕಿಕೊಂಡು ಗೋಡೆಗೊರಗಿ ಕೂತಿದ್ದರು. ಅರಕಲಗೂಡಿನ ಹುಡುಗಿ ಅವರ ಮುಂದೆ ಹೋಗಿ ನಿಂತಳು. ಎಲ್ಲರೂ ಕುಣಿಯುತ್ತಿದ್ದರೆ ಇವಳ ಮುಖ ಮಾತ್ರ ಚಿಕ್ಕದಾಗಿತ್ತು.

"ತಪ್ಪಾಯ್ತು ಅಕ್ಕ. ನೀವು ಕರ್ಯೋಗಂಟ ನಿಂತ್ಬುಟ್ಟೆ."

ಟವೆಲ್ಲಿನ ಒಳಗಿನಿಂದ ಅಕ್ಕನ ದನಿ ಬಂತು. "ಇನ್ಮೇಲೆ ಕರೀದೇ ಇದ್ರೂ ಬಾರೇ. ಕರ್ಯಾದು ಏನ್ ಸುಲ್ಬ ಅಂದ್ಕಂಡಿದ್ದೀಯ?"